ಸಂತ ಜೆಲಿ ಮಾರ್ಟಿನ್
ಬಾಲಯೇಸುವಿನ ಸಂತ ತೆರೇಸಮ್ಮನವರ ಮಾತೆಯಾದ ಜೆಲಿ ಮಾರ್ಟಿನ್ 1831ರಲ್ಲಿ ಫ್ರಾನ್ಸ್ ದೇಶದಲ್ಲಿ ಜನಿಸಿದರು. ಅಲೆನ್ಸೋನ್ ಪಟ್ಟಣದಲ್ಲಿ ಲೇಸ್ ಹೆಣಿಗೆಯ ಉದ್ಯಮವನ್ನು ನಡೆಸುತ್ತ, ಒಂಬತ್ತು ಮಕ್ಕಳನ್ನು ಹೆತ್ತು, ನಾಲ್ವರನ್ನು ಬಾಲ್ಯದಲ್ಲಿಯೇ ಕಳೆದುಕೊಂಡ ತಾಯಿ ಇವರು.

ಎದೆಯಲ್ಲಿದ್ದ ಗೆಡ್ಡೆಯು ಗುಣವಾಗದ ಕ್ಯಾನ್ಸರ್ ಎಂದು 1876ರ ಡಿಸೆಂಬರಿನಲ್ಲಿ ತಿಳಿದಾಗ, ಜೆಲಿಯಮ್ಮನವರು ಮನೆಯವರಿಗೆ ಇದ್ದುದನ್ನು ಇದ್ದಂತೆಯೇ ಹೇಳಿದರು. ಎಲ್ಲರೂ ಅತ್ತರು. ಅವರನ್ನು ಸಂತೈಸುವ ಭಾರವೂ ರೋಗಿಯ ಮೇಲೆಯೇ ಬಿದ್ದಿತು.

1877ರ ಜೂನ್ ತಿಂಗಳಿನಲ್ಲಿ ಮೂವರು ಹಿರಿಯ ಪುತ್ರಿಯರೊಡನೆ ಲೂರ್ದುಮಾತೆಯ ಕ್ಷೇತ್ರಕ್ಕೆ ಯಾತ್ರೆ ಹೋದರು. ಮನೆಯವರು ಪವಾಡವನ್ನು ನಿರೀಕ್ಷಿಸಿದ್ದರು; ರೋಗವು ವಾಸಿಯಾಗಲಿಲ್ಲ. ನಿರಾಶರಾದ ಮಕ್ಕಳಿಗೆ ತಾಯಿಯೇ ಧೈರ್ಯ ತುಂಬಿದರು. ಆದರೆ ಸೋದರನ ಮನೆಗೆ ಬರೆದ ಪತ್ರಗಳಲ್ಲಿ ತಮ್ಮ ಬಾಧೆಯನ್ನೂ ಮಕ್ಕಳ ಭವಿಷ್ಯದ ಚಿಂತೆಯನ್ನೂ ಮುಚ್ಚುಮರೆಯಿಲ್ಲದೆ ತೋಡಿಕೊಂಡರು. ಆಗಸ್ಟ್ 28ರಂದು ದೈವಾಧೀನರಾದಾಗ ಅವರಿಗೆ 45 ವರ್ಷ. ಕಿರಿಯ ಮಗಳು ತೆರೇಸಳಿಗೆ ನಾಲ್ಕು.

2015ರಲ್ಲಿ ಪೋಪ್ ಫ್ರಾನ್ಸಿಸರು ಇವರನ್ನೂ ಪತಿ ಲೂಯಿ ಮಾರ್ಟಿನರನ್ನೂ ಒಟ್ಟಿಗೆ ಸಂತಪದವಿಗೇರಿಸಿದರು. ನೋವನ್ನು ಹೇಳಿಕೊಂಡುದು ಆ ಪದವಿಗೆ ಅಡ್ಡಿಯಾಗಲಿಲ್ಲ. ಪ್ರಿಯ ವಿಶ್ವಾಸಿಗಳೇ, ರೋಗಿಗಳನ್ನು ಕಾಣಹೋದಾಗ ಅವರ ನಗುಮುಖವನ್ನು ಬಯಸದೆ, ಮೊದಲು ಅವರ ಅಳಲಿಗೆ ಕಿವಿಗೊಡೋಣ.