ಫ್ಲಾರೆನ್ಸಿನ ಗುಮ್ಮಟ ಕಟ್ಟಿದ ಫಿಲಿಪ್ಪೊ ಬ್ರುನೆಲ್ಲೆಸ್ಕಿ

ರೋಮಾಪುರಿಗೆ ಯಾತ್ರೆ ಹೊರಡುವ ನಮ್ಮವರಲ್ಲಿ ಹಲವರು ದಾರಿಯಲ್ಲಿ ಒಂದು ದಿನ, ಹೆಚ್ಚೆಂದರೆ ಎರಡು ದಿನ, ಫ್ಲಾರೆನ್ಸ್ ನಗರದಲ್ಲಿ ತಂಗುವುದುಂಟು. ಆರ್ನೊ ನದಿಯ ದಂಡೆಯ ಆ ಊರಿನಲ್ಲಿ ನೋಡಬೇಕಾದುದು ಅಷ್ಟಿಷ್ಟಲ್ಲ. ಆದರೂ ಊರು ದೂರದಲ್ಲಿರುವಾಗಲೇ ಮೊದಲು ಕಣ್ಣಿಗೆ ಬೀಳುವುದು ಕೆಂಪು ಹೆಂಚು ಹೊದ್ದ ಒಂದು ಮಹಾ ಗುಮ್ಮಟ. ಅದು ಸಾಂತಾ ಮರಿಯಾ ದೆಲ್ ಫಿಯೊರೆ, ಅಂದರೆ ಪುಷ್ಪದ ಮಾತೆ ಮರಿಯಮ್ಮನವರ ಹೆಸರಿನ ಪ್ರಧಾನಾಲಯಕ್ಕೆ ಸೇರಿದ್ದು. ಆ ಗುಮ್ಮಟವನ್ನು ಕಟ್ಟಿದಾತನ ಜೀವನವನ್ನು ಇಲ್ಲಿ ನಿರೂಪಿಸಲು ಹೊರಟಿದ್ದೇವೆ. ಆತನು ಸಂತನಲ್ಲ, ಗುರುವೂ ಅಲ್ಲ. ಮುಂಗೋಪಿ, ಸಂಶಯಗ್ರಸ್ತ, ತನ್ನ ವಿದ್ಯೆಯ ಗುಟ್ಟನ್ನು ಯಾರಿಗೂ ಬಿಟ್ಟುಕೊಡದವನು. ಆದರೆ ಒಂದು ಊರಿನ ಮಾನವೇ ಆತನ ಕೈಯಲ್ಲಿತ್ತು.

ಮೊದಲು ಆ ದೇವಾಲಯದ ಸ್ಥಿತಿಯನ್ನು ಹೇಳಬೇಕು. 1296ರಲ್ಲಿ ಆರ್ನೊಲ್ಫೊ ದಿ ಕಾಂಬಿಯೊ ಎಂಬ ಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಅದರ ಕೆಲಸ ಆರಂಭವಾಯಿತು. 1348ರ ಮಹಾಮಾರಿ ಊರಿನ ಜನರಲ್ಲಿ ಅರ್ಧದಷ್ಟನ್ನು ನುಂಗಿತು. ಕೆಲಸ ನಿಂತಿತು, ಮತ್ತೆ ನಡೆಯಿತು. 1367ರಲ್ಲಿ ಪುರಜನರು ಒಂದು ಮಾದರಿಯನ್ನು ಒಪ್ಪಿಕೊಂಡರು. ಅದರಂತೆ ಪ್ರಧಾನ ಪೀಠದ ಮೇಲೆ ಎಂಟು ಮುಖಗಳ ಗುಮ್ಮಟ ಏಳಬೇಕು; ಅದಕ್ಕೆ ಹೊರಗಿನಿಂದ ಆನಿಸುವ ಊರೆಗೋಡೆಗಳು ಇರಕೂಡದು. ಅಷ್ಟು ಅಗಲದ ಗುಮ್ಮಟವನ್ನು ಕಟ್ಟುವ ಬಗೆ ಮಾತ್ರ ಒಪ್ಪಿದವರಲ್ಲಿ ಒಬ್ಬರಿಗೂ ತಿಳಿಯದು! ಮುಂದೆ ಯಾವನೋ ಒಬ್ಬನಿಗೆ ದೇವರು ಬುದ್ಧಿ ಕೊಟ್ಟಾನು ಎಂಬ ಭರವಸೆಯಲ್ಲಿ ಗೋಡೆ ಎಬ್ಬಿಸುತ್ತ ಹೋದರು. ದೇವಾಲಯಕ್ಕೆ ನೂರು ವರ್ಷ ತುಂಬಿದ 1396ರಲ್ಲಿ ಶತಮಾನೋತ್ಸವ ಆಚರಿಸೋಣವೆಂದಿದ್ದರೆ, ಪ್ರಧಾನ ಪೀಠದ ಸ್ಥಳಕ್ಕೆ ಆಕಾಶವೇ ಮಾಡಾಗಿತ್ತು.

ಫಿಲಿಪ್ಪೊ ಹುಟ್ಟಿದ್ದು 1377ರಲ್ಲಿ, ಅದೇ ಊರಿನಲ್ಲಿ. ತಂದೆ ದಸ್ತಾವೇಜು ಬರೆಯುವ ನೋಟರಿ. ಮಗನೂ ಲೇಖಣಿ ಹಿಡಿಯಲೆಂಬುದು ಆತನ ಆಸೆ. ಹುಡುಗನ ಮನಸ್ಸು ಕೈಕೆಲಸದ ಕಡೆಗೆ ವಾಲಿದ್ದರಿಂದ ಅಕ್ಕಸಾಲಿಯ ಕಸುಬಿಗೆ ಸೇರಿಸಿದರು. ಚಿನ್ನ ಬೆಳ್ಳಿಗಳ ಜೊತೆಗೆ ಗಡಿಯಾರ, ಹಲ್ಲುಚಕ್ರ, ತೂಕ, ಸನ್ನೆ ಇವುಗಳ ಮರ್ಮವನ್ನೂ ಆತನು ಕಲಿತನು.

1401ರಲ್ಲಿ, ಊರಿನ ಮಕ್ಕಳೆಲ್ಲ ಜ್ಞಾನಸ್ನಾನ ಪಡೆಯುತ್ತಿದ್ದ ಸ್ನಾನಿಕ ಅರುಳಪ್ಪನವರ ದೀಕ್ಷಾಲಯಕ್ಕೆ ಕಂಚಿನ ಬಾಗಿಲು ಮಾಡಿಸಲು ಸ್ಪರ್ಧೆ ಏರ್ಪಟ್ಟಿತು. ಅಬ್ರಹಾಮನು ಈಸಾಕನನ್ನು ಬಲಿಕೊಡಲು ಹೊರಟ ಪ್ರಸಂಗವನ್ನು ಒಂದು ಫಲಕದಲ್ಲಿ ಎರಕ ಹೊಯ್ದು ತೋರಿಸಬೇಕು. ಗೆದ್ದವನು ಫಿಲಿಪ್ಪೊಗಿಂತ ಒಂದು ವರ್ಷ ಚಿಕ್ಕವನಾದ ಲೊರೆಂಜೊ ಗಿಬೆರ್ಟಿ. ಇಬ್ಬರೂ ಕೂಡಿ ಮಾಡಿರೆಂದು ಹಿರಿಯರು ಸೂಚಿಸಿದಾಗ ಫಿಲಿಪ್ಪೊ ಒಲ್ಲೆನೆಂದನೆಂದು ಆತನ ಚರಿತ್ರೆ ಬರೆದವರು ಹೇಳುತ್ತಾರೆ. ಈ ಎರಡು ಫಲಕಗಳೂ ಇಂದಿಗೂ ಅಲ್ಲಿನ ಬಾರ್ಜೆಲ್ಲೊ ವಸ್ತುಸಂಗ್ರಹಾಲಯದಲ್ಲಿ ಇವೆ. ಹಿರಿಯರ ತೀರ್ಪು ಅನ್ಯಾಯವೆಂದು ನಮಗೆ ತೋರುವುದಿಲ್ಲ. ಆದರೆ ದೇವದೂತನು ತಂದೆಯ ಕೈಯನ್ನು ಗಟ್ಟಿಯಾಗಿ ಹಿಡಿದು ತಡೆಯುವ ಆವೇಗ ಫಿಲಿಪ್ಪೊನ ಫಲಕದಲ್ಲಿಯೇ ಹೆಚ್ಚು.

ಸೋತವನು ಗೆಳೆಯ ಡೊನಾಟೆಲ್ಲೊನೊಡನೆ ರೋಮಿಗೆ ಹೋದನೆಂದೂ, ಅಲ್ಲಿ ಹಳೆಯ ಕಟ್ಟಡಗಳನ್ನು ಅಳೆಯುತ್ತ ತಿರುಗಿದನೆಂದೂ ಹೇಳುತ್ತಾರೆ. ಪುರಾತನರು ಕಟ್ಟಿದ ಪ್ಯಾಂಥಿಯನ್ನಿನ 43 ಮೀಟರು ಅಗಲದ ಗುಮ್ಮಟ ಅಲ್ಲಿ ಇನ್ನೂ ನಿಂತಿತ್ತು. ಅದನ್ನು ಕಟ್ಟಿದ ವಿದ್ಯೆ ಮರೆತುಹೋಗಿತ್ತು.

ಈ ಇಬ್ಬರು ಗೆಳೆಯರ ಬಗ್ಗೆ ಮತ್ತೊಂದು ಕಥೆಯಿದೆ. ಡೊನಾಟೆಲ್ಲೊ ಮರದಲ್ಲಿ ಶಿಲುಬೆಯ ಸ್ವರೂಪವೊಂದನ್ನು ಕೆತ್ತಿದಾಗ, ನೀನು ಶಿಲುಬೆಗೇರಿಸಿದ್ದು ಸ್ವಾಮಿಯನ್ನಲ್ಲ, ಒಬ್ಬ ರೈತನನ್ನು ಎಂದು ಫಿಲಿಪ್ಪೊ ಆಕ್ಷೇಪಿಸಿದನಂತೆ. ಹಾಗಾದರೆ ನೀನೇ ಕೆತ್ತಿ ತೋರಿಸೆಂದು ಆತನು ಸವಾಲೆಸೆದನು. ಫಿಲಿಪ್ಪೊ ಗುಟ್ಟಾಗಿ ಕೆತ್ತಿ ಮುಗಿಸಿ, ಒಂದು ದಿನ ಗೆಳೆಯನನ್ನು ಊಟಕ್ಕೆ ಕರೆದನು. ಮೊಟ್ಟೆ ಗಿಣ್ಣುಗಳನ್ನು ಮಡಿಲಲ್ಲಿ ಕಟ್ಟಿಕೊಂಡು ಒಳಹೊಕ್ಕ ಡೊನಾಟೆಲ್ಲೊ ಆ ಸ್ವರೂಪವನ್ನು ಕಂಡು ಮೈಮರೆತು ಎಲ್ಲವನ್ನೂ ನೆಲಕ್ಕೆ ಬಿಟ್ಟನಂತೆ. ಇದರಲ್ಲಿ ನಡೆದುದೆಷ್ಟು, ಕಟ್ಟಿದ್ದೆಷ್ಟು ಎಂದು ನಾವು ವಿಚಾರಿಸಹೋಗುವುದಿಲ್ಲ. ಡೊನಾಟೆಲ್ಲೊನ ಶಿಲುಬೆ ಸಾಂತಾ ಕ್ರೋಚೆ ದೇವಾಲಯದಲ್ಲಿಯೂ ಫಿಲಿಪ್ಪೊನದು ಸಾಂತಾ ಮರಿಯಾ ನೊವೆಲ್ಲಾದಲ್ಲಿಯೂ ಇವೆ. ಹೋದವರು ಎರಡರ ಮುಂದೆಯೂ ಮೊಣಕಾಲೂರಿ ಪ್ರಾರ್ಥಿಸಬಹುದು.

1418ರ ಆಗಸ್ಟಿನಲ್ಲಿ ಗುಮ್ಮಟಕ್ಕಾಗಿ ಸ್ಪರ್ಧೆ ಸಾರಿದರು. ಬಹುಮಾನ 200 ಚಿನ್ನದ ಫ್ಲೋರಿನ್. ಅಷ್ಟು ಹೊತ್ತಿಗೆ ಎಂಟು ಮುಖದ ಗೋಡೆ ನೆಲದಿಂದ 50 ಮೀಟರಿಗೂ ಮೇಲೆ ಎದ್ದಿತ್ತು. ಮುಚ್ಚಬೇಕಾದ ಬಾಯಿಯ ಅಗಲ ಸುಮಾರು 45 ಮೀಟರು. ಕಮಾನು ಕಟ್ಟುವಾಗ ಗಾರೆ ಗಟ್ಟಿಯಾಗುವವರೆಗೆ ಕೆಳಗೆ ಮರದ ಆಸರೆ ಕೊಡುವುದು ಎಲ್ಲ ಮೇಸ್ತ್ರಿಗಳಿಗೂ ತಿಳಿದ ಸಂಗತಿ. ಈ ಎತ್ತರಕ್ಕೆ, ಈ ಅಗಲಕ್ಕೆ ಬೇಕಾದ ಮರವನ್ನು ಎಲ್ಲಿಂದ ತರುವುದು? ಆಸರೆಯೇ ಬೇಡ, ಹಾಗೆಯೇ ಕಟ್ಟುತ್ತೇನೆಂದು ಫಿಲಿಪ್ಪೊ ಹೇಳಿದಾಗ, ಹುಚ್ಚನೆಂದು ಸಭೆಯಿಂದ ಎತ್ತಿ ಹೊರಗೆ ಹಾಕಿಸಿದರೆಂಬ ಪ್ರತೀತಿಯಿದೆ. ಬಗೆಯನ್ನು ವಿವರಿಸೆಂದರೆ ಆತನು ವಿವರಿಸಲೊಲ್ಲನು. ಹೇಳಿದರೆ ಬೇರೆಯವರು ಮಾಡಿಬಿಟ್ಟಾರೆಂಬ ಭಯ. ಕೊನೆಗೆ 1420ರಲ್ಲಿ ಕೆಲಸವನ್ನು ಆತನಿಗೆ ಒಪ್ಪಿಸಿದರು. ಒಬ್ಬನನ್ನೇ ನಂಬಲಾರದೆ ಜೊತೆಗೆ ಇಟ್ಟದ್ದು ಯಾರನ್ನು? ಅದೇ ಗಿಬೆರ್ಟಿಯನ್ನು, ಅದೂ ಸಮಾನ ಸಂಬಳಕ್ಕೆ.

ಆತನ ಉಪಾಯವನ್ನು ಸ್ಥೂಲವಾಗಿ ಹೀಗೆ ಹೇಳಬಹುದು. ಗುಮ್ಮಟ ಒಂದಲ್ಲ, ಒಂದರೊಳಗೊಂದು ಎರಡು. ನಡುವೆ ಮನುಷ್ಯರು ಹತ್ತುವಷ್ಟು ಎಡೆ. ಅಡ್ಡಲಾಗಿ ಇಟ್ಟ ಇಟ್ಟಿಗೆಗಳ ನಡುನಡುವೆ ಕೆಲವನ್ನು ನೆಟ್ಟಗೆ ನಿಲ್ಲಿಸಿ, ಸಾಲಿನಿಂದ ಸಾಲಿಗೆ ಮೀನಿನ ಮುಳ್ಳಿನಂತೆ ಓರೆಯಾಗಿ ಏರುವ ಹೆಣಿಗೆಯನ್ನು ಮಾಡಿದನು. ನೆಟ್ಟಗೆ ನಿಂತ ಇಟ್ಟಿಗೆಗಳು ಹಸಿ ಗಾರೆಯ ಸಾಲು ಜಾರದಂತೆ ತಡೆಯುತ್ತವೆ. ಸುತ್ತು ಮುಗಿದೊಡನೆ ಆ ಸಾಲು ತನ್ನನ್ನು ತಾನೇ ಹಿಡಿದುಕೊಳ್ಳುತ್ತದೆ. ಪೀಪಾಯಿಗೆ ಪಟ್ಟಿ ಬಿಗಿಯುವಂತೆ, ಕಬ್ಬಿಣದಿಂದ ಬೆಸೆದ ಕಲ್ಲುತೊಲೆಗಳ ಸುತ್ತುಗಳನ್ನೂ ಮರದ ಸುತ್ತೊಂದನ್ನೂ ಗೋಡೆಯೊಳಗೆ ಹುದುಗಿಸಿದನು. ಭಾರವೆತ್ತಲು ಎತ್ತುಗಳು ತಿರುಗಿಸುವ ರಾಟೆಯಂತ್ರವನ್ನು ನಿರ್ಮಿಸಿದನು. ಎತ್ತುಗಳು ಗಾಣದಲ್ಲಿ ತಿರುಗುವಂತೆ ಒಂದೇ ದಿಕ್ಕಿಗೆ ತಿರುಗುತ್ತಿದ್ದರೂ, ಹಲ್ಲುಚಕ್ರವನ್ನು ಬದಲಿಸಿದರೆ ಹೊರೆ ಮೇಲಕ್ಕೂ ಹೋಗುವುದು, ಕೆಳಕ್ಕೂ ಬರುವುದು. ನೊಗ ಬಿಚ್ಚಿ ಎತ್ತುಗಳನ್ನು ತಿರುಗಿಸಿ ಕಟ್ಟುವ ಕಾಲಹರಣವಿಲ್ಲ. ಅಕ್ಕಸಾಲಿಯ ಗಡಿಯಾರದ ವಿದ್ಯೆ ಇಲ್ಲಿ ಫಲ ಕೊಟ್ಟಿತು. ಸುಮಾರು ನಲವತ್ತು ಲಕ್ಷ ಇಟ್ಟಿಗೆಗಳು ಹೀಗೆ ಮೇಲೇರಿದವೆಂದು ಅಂದಾಜು.

ನಡುವೆ ಫಿಲಿಪ್ಪೊ ಹೊಟ್ಟೆನೋವೆಂದು ಮುಸುಕು ಹೊದ್ದು ಮಲಗಿ, ಗಿಬೆರ್ಟಿಯೊಬ್ಬನೇ ಏನು ಮಾಡುವನೋ ನೋಡೋಣವೆಂದು ಕಾದನೆಂಬ ಕಥೆ ಪ್ರಸಿದ್ಧವಾಗಿದೆ. ಕಥೆ ಹೇಗೇ ಇರಲಿ, 1426ರ ವೇಳೆಗೆ ಆತನ ಸಂಬಳ ವರ್ಷಕ್ಕೆ 100 ಫ್ಲೋರಿನ್ನಿಗೆ ಏರಿತ್ತು, ಗಿಬೆರ್ಟಿಯದು ಏರಿರಲಿಲ್ಲ. ಸೋಲುಗಳೂ ಉಂಟು. ನದಿಯಲ್ಲಿ ಅಮೃತಶಿಲೆ ಸಾಗಿಸಲು ಆತನು ಕಲ್ಪಿಸಿದ ವಿಚಿತ್ರ ದೋಣಿಗೆ ಸರಕಾರ 1421ರಲ್ಲಿ ವಿಶೇಷ ಹಕ್ಕುಪತ್ರ ಕೊಟ್ಟಿತ್ತು. 1428ರಲ್ಲಿ ಆ ದೋಣಿ ಹೊರೆಸಮೇತ ಮುಳುಗಿ ಆತನಿಗೆ ಭಾರಿ ನಷ್ಟವಾಯಿತು. 1434 ಇನ್ನೂ ಕೆಟ್ಟ ವರ್ಷ. ಕಲ್ಲುಕುಟಿಗರ ಸಂಘಕ್ಕೆ ವಂತಿಗೆ ಕೊಟ್ಟಿಲ್ಲವೆಂದು ಆತನನ್ನು ಸೆರೆಗೆ ಹಾಕಿಸಿದರು. ದೇವಾಲಯದ ಆಡಳಿತದವರೇ ಬಂದು ಬಿಡಿಸಬೇಕಾಯಿತು. ಮದುವೆಯಾಗದ ಆತನು ಮಗನಂತೆ ಸಾಕಿ ಕಸುಬು ಕಲಿಸಿದ್ದ ಬುಜ್ಜಾನೊ ಎಂಬ ಯುವಕ ಅದೇ ವರ್ಷ ಹಣ ಒಡವೆಗಳೊಂದಿಗೆ ನೇಪಲ್ಸಿಗೆ ಓಡಿಹೋದನು. ನಾಲ್ಕನೆಯ ಯೂಜೀನ್ ಜಗದ್ಗುರುಗಳೇ ಮಧ್ಯೆ ಪ್ರವೇಶಿಸಿದ ಮೇಲೆ ಹುಡುಗ ಹಿಂದಿರುಗಿದನು. ಫಿಲಿಪ್ಪೊ ಆತನನ್ನು ಹೊರಗಟ್ಟಲಿಲ್ಲ. ತನ್ನ ವಾರಸುದಾರನನ್ನಾಗಿಯೇ ಉಳಿಸಿಕೊಂಡನು. ಮುಂಗೋಪಿಯಾದವನ ಈ ಒಂದು ನಡತೆ ನಮಗೆ ಆತನ ಇತರ ಗುಣಗಳಿಗಿಂತ ಹೆಚ್ಚು ಪ್ರಿಯವಾಗಿದೆ.

1436ರ ಮಾರ್ಚ್ 25, ಮಂಗಳವಾರ್ತೆಯ ಹಬ್ಬ. ಆಗಿನ ಫ್ಲಾರೆನ್ಸಿಗರಿಗೆ ಅದೇ ಹೊಸ ವರ್ಷದ ಮೊದಲ ದಿನ. ರೋಮಿನ ಗಲಭೆಯಿಂದ ಪಾರಾಗಿ ಅಲ್ಲಿ ನೆಲೆಸಿದ್ದ ಯೂಜೀನ್ ಜಗದ್ಗುರುಗಳು ಸಾಂತಾ ಮರಿಯಾ ನೊವೆಲ್ಲಾದಿಂದ ಹೊರಟು, ಬೀದಿಯ ಮೇಲೆ ಎತ್ತರವಾಗಿ ಕಟ್ಟಿದ ಅಲಂಕೃತ ಮರದ ಹಾದಿಯಲ್ಲಿ ನಡೆದುಬಂದು ಪ್ರಧಾನಾಲಯವನ್ನು ಅಭಿಷೇಕಿಸಿದರು. ಆ ದಿನಕ್ಕೆಂದೇ ಗಿಯೋಮ್ ದ್ಯುಫಾಯಿ ಎಂಬ ಸಂಗೀತಗಾರ ಗೀತೆಯೊಂದನ್ನು ರಚಿಸಿದ್ದನು. ಆಗಸ್ಟಿನಲ್ಲಿ ಗುಮ್ಮಟ ಮುಗಿಯಿತು. ಅಡಿಗಲ್ಲಿನಿಂದ ಲೆಕ್ಕ ಹಾಕಿದರೆ 140 ವರ್ಷ.

ಗುಮ್ಮಟದ ನೆತ್ತಿಯ ಅಮೃತಶಿಲೆಯ ಕಿರುಮಂಟಪ ಮಾತ್ರ ಉಳಿದಿತ್ತು. ಎಂಟು ಪಕ್ಕೆಗಳನ್ನು ಮೇಲಿನಿಂದ ಒತ್ತಿಹಿಡಿಯುವ ಭಾರವೂ ಅದೇ. ಅದಕ್ಕೂ ಮತ್ತೆ ಸ್ಪರ್ಧೆ, ಮತ್ತೆ ಆತನದೇ ಗೆಲುವು. ಮಂಟಪದ ಕೆಲಸ ಆರಂಭವಾದ ಕೆಲವು ವಾರಗಳಲ್ಲಿಯೇ, 1446ರ ಏಪ್ರಿಲ್ 15ರಂದು, ಫಿಲಿಪ್ಪೊ ತೀರಿಕೊಂಡನು. ಆತನ ಮಾದರಿಯಂತೆಯೇ ಇತರರು ಅದನ್ನು ಪೂರೈಸಿದರು. ಅನಾಥ ಶಿಶುಗಳಿಗಾಗಿ ರೇಷ್ಮೆ ವ್ಯಾಪಾರಿಗಳ ಸಂಘ 1419ರಲ್ಲಿ ಆತನಿಂದ ಆರಂಭಿಸಿದ ಆಶ್ರಯಮಂದಿರ ಮೊದಲ ಕೂಸನ್ನು ಮಡಿಲಿಗೆ ತೆಗೆದುಕೊಂಡಿದ್ದು 1445ರಲ್ಲಿ. ಅದನ್ನು ಕಾಣುವ ಭಾಗ್ಯವಾದರೂ ಆತನಿಗೆ ದೊರೆಯಿತು.

ಗುಮ್ಮಟದ ನಕ್ಷೆಯನ್ನಾಗಲಿ ಲೆಕ್ಕವನ್ನಾಗಲಿ ಆತನು ಬರೆದಿಡಲಿಲ್ಲ. ಇಂದಿನ ಎಂಜಿನಿಯರುಗಳೂ ಅದರ ವಿವರಗಳ ಬಗ್ಗೆ ವಾದಿಸುತ್ತಲೇ ಇದ್ದಾರೆ. ಪ್ರಧಾನಾಲಯದಲ್ಲಿಯೇ ಸಮಾಧಿ ಮಾಡುವ ಗೌರವವನ್ನು ಊರು ಆತನಿಗೆ ಕೊಟ್ಟಿತು. ಮುಂದೆ ಆ ಸ್ಥಳ ಮರೆತುಹೋಗಿ, 1972ರಲ್ಲಿ ನೆಲದಡಿಯ ಹಳೆಯ ದೇವಾಲಯವನ್ನು ಅಗೆಯುವಾಗ ಸಮಾಧಿಯ ಕಲ್ಲು ಸಿಕ್ಕಿತು. ಈಗ ಕೆಳಗಿಳಿದು ಹೋದವರು ಅದನ್ನು ಕಾಣಬಹುದು. ಕಾಲಿನಲ್ಲಿ ಕಸುವಿದ್ದವರು ಎರಡು ಗುಮ್ಮಟಗಳ ನಡುವಿನ ಓಣಿಯಲ್ಲಿ, ಒಟ್ಟು 463 ಮೆಟ್ಟಿಲು ಹತ್ತಿ ನೆತ್ತಿಯವರೆಗೂ ಹೋಗಬಹುದು. ಓರೆ ಹೆಣಿಗೆಯ ಇಟ್ಟಿಗೆಗಳು ಅಲ್ಲಲ್ಲಿ ಕೈಗೆಟುಕುತ್ತವೆ. ಹತ್ತಲಾರದವರಿಗೆ ಹಿಂಬದಿಯ ವಸ್ತುಸಂಗ್ರಹಾಲಯವಿದೆ. ಗುಮ್ಮಟದ ಕೆಲಸದ ರಾಟೆ, ಹಗ್ಗದ ಕೊಕ್ಕೆಗಳ ಜೊತೆಗೆ, ಸತ್ತ ದಿನ ಫಿಲಿಪ್ಪೊನ ಮುಖದಿಂದ ತೆಗೆದ ಅಚ್ಚನ್ನೂ ಅಲ್ಲಿ ಇಟ್ಟಿದ್ದಾರೆ.