ದೇಶ ಕೇಳಿದ ದನಿ, ಊರು ಮರೆತ ಮುಖ

ವಿಜಾಪುರದಲ್ಲಿ ಅಮೀರ ಟಾಕೀಜು ಎಂದರೆ ಹಳೇ ಮಂದಿಗೆ ವಿಳಾಸ ಹೇಳಬೇಕಾಗಿರಲಿಲ್ಲ. ಟಾಂಗಾದವನಿಗೆ ಹೆಸರು ಹೇಳಿದರೆ ಸಾಕಿತ್ತು. ಆದರೆ ಆ ಅಮೀರ ಯಾರು ಅಂತ ಕೇಳಿ ನೋಡಿ. ಯಾರೋ ದೊಡ್ಡ ಸಾಹುಕಾರ ತನ್ನ ಹೆಸರು ಇಟ್ಟುಕೊಂಡಿರಬೇಕು ಅನ್ನುವವರೇ ಹೆಚ್ಚು. ಅಮೀರ ಅಂದ್ರೆ ಶ್ರೀಮಂತ ತಾನೆ?

ಸಾಹುಕಾರನೂ ಅಲ್ಲ, ಗಂಡಸೂ ಅಲ್ಲ. ಅದು ಬೀಳಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, ಇಡೀ ದೇಶ ಗುನುಗುವಂತೆ ಹಾಡಿದ ಹೆಣ್ಣುಮಗಳೊಬ್ಬಳ ಹೆಸರು. ಅಮೀರಬಾಯಿ ಕರ್ನಾಟಕಿ. 1940ರ ದಶಕದಲ್ಲಿ ಲಾಹೋರಿನಿಂದ ಕಲಕತ್ತೆಯವರೆಗೆ ಗ್ರಾಮಾಫೋನು ಇದ್ದ ಮನೆಗಳಲ್ಲಿ ಈ ದನಿ ಕೇಳದವರು ಕಡಿಮೆ. ದನಿ ಕೇಳಿದವರು ಲಕ್ಷ ಲಕ್ಷ. ಮುಖ ಗುರುತಿಟ್ಟವರು ಎಷ್ಟು? ಆಕೆಯ ಬದುಕಿನ ಕಥೆಯೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ನಟಿಯಾಗಲು ಹೊರಟವರನ್ನು ಸಿನಿಮಾ ಪರದೆಯ ಹಿಂದೆ ನಿಲ್ಲಿಸಿತು.

ನಾಟಕದ ಸೀಮೆಯಿಂದ

ಬೀಳಗಿ ಈಗ ಬಾಗಲಕೋಟೆ ಜಿಲ್ಲೆಯಲ್ಲಿದೆ. 1997ರಲ್ಲಿ ಬಾಗಲಕೋಟೆ ಬೇರೆ ಆಗುವ ತನಕ ವಿಜಾಪುರ ಜಿಲ್ಲೆಯ ಊರೇ. ಕಳೆದ ಶತಮಾನದ ಆರಂಭದಲ್ಲಿ ಅಮೀರಬಾಯಿ ಅಲ್ಲಿ ಹುಟ್ಟಿದಾಗ ಈ ಭಾಗವೆಲ್ಲ ಮುಂಬಯಿ ಇಲಾಖೆಗೆ ಸೇರಿತ್ತು. ಕಚೇರಿಯೂ ಮುಂಬಯಿಯದು, ಶಾಲೆಯೂ ಮುಂಬಯಿಯದು, ದುಡಿಮೆ ಹುಡುಕಿ ರೈಲು ಹತ್ತುವವರ ದಾರಿಯೂ ಮುಂಬಯಿಗೇ. ಮನೆತನದಲ್ಲಿ ಹಾಡು ಇತ್ತು, ನಾಟಕದ ನಂಟು ಇತ್ತು. ಅಕ್ಕ ಗೋಹರಬಾಯಿಯೂ ಹಾಡುವವರು, ಪಾರ್ಟು ಮಾಡುವವರು.

ಆಗಿನ ಕಂಪನಿ ನಾಟಕ ಅಂದ್ರೆ ಏನು ಅನ್ನುವುದು ಇವತ್ತಿನ ಹುಡುಗರಿಗೆ ಹೇಳಬೇಕು. ಮೈಕು ಇಲ್ಲ. ಹಾಲಿನ ಕಟ್ಟಕಡೆಯ ಬಾಕಿನ ಮೇಲೆ ಕೂತವನಿಗೂ ಮಾತು, ಹಾಡು ಕೇಳಬೇಕು. ಕಾಲುಪೆಟ್ಟಿಗೆ, ತಬಲಾ ಎರಡೇ ಆಸರೆ. ಹಾಡು ಹಿಡಿಸಿದರೆ ಜನ ವನ್ಸ್ ಮೋರ್ ಕೂಗಿ ಕಥೆಯನ್ನೇ ನಿಲ್ಲಿಸಿ ಮತ್ತೆ ಹಾಡಿಸುತ್ತಿದ್ದರು. ಮರಾಠಿ ನಾಟ್ಯಸಂಗೀತದ ಗುಂಗು ಈ ಭಾಗದಲ್ಲಿ ಬಲವಾಗಿತ್ತು. ರಂಗದ ಮೇಲೆ ಬರುವ ರಾಜನಿಗೂ ಹಾಡು ಬರಬೇಕು, ರಾಣಿಗೂ ಬರಬೇಕು. ಆ ರಾಣಿಯ ಪಾರ್ಟನ್ನೂ ಎಷ್ಟೋ ಕಂಪನಿಗಳಲ್ಲಿ ಗಂಡಸರೇ ಕಟ್ಟುತ್ತಿದ್ದ ಕಾಲ. ಹೆಣ್ಣುಮಕ್ಕಳು ಬಣ್ಣ ಹಚ್ಚಿದರೆ ಟಿಕೆಟು ಕೊಂಡು ನೋಡುವವರೇ ಮರುದಿನ ಕಟ್ಟೆಯ ಮೇಲೆ ಕೂತು ಹಗುರಾಗಿ ಮಾತಾಡುತ್ತಿದ್ದರು.

ಇಂಥ ಹವೆಯಲ್ಲಿ ಬೆಳೆದ ದನಿ ಅದು. ತೆರೆದ ಗಂಟಲು, ತುಂಬಿದ ನಾದ.

1931ರಲ್ಲಿ ಆಲಂ ಆರಾ ಬಂತು. ಸಿನಿಮಾ ಮಾತಾಡಿತು, ಮಾತಾಡಿದ್ದಕ್ಕಿಂತ ಹೆಚ್ಚು ಹಾಡಿತು. ಮೂಕಿ ಚಿತ್ರದ ಚೆಲುವೆಯರಿಗೆ ಒಮ್ಮೆಲೇ ಪೇಚಾಟ, ಹಾಡಬಲ್ಲ ನಾಟಕದವರಿಗೆ ಒಮ್ಮೆಲೇ ಬೇಡಿಕೆ. ಯಾಕೆಂದರೆ ಆಗ ಹಾಡನ್ನು ಬೇರೆ ರೆಕಾರ್ಡು ಮಾಡಿ ಸೇರಿಸುವ ಏರ್ಪಾಡು ಇರಲಿಲ್ಲ. ಕ್ಯಾಮೆರಾದ ಮುಂದೆ ನಿಂತು ನಟಿಯೇ ಹಾಡಬೇಕು. ತಬಲಾ ಪೇಟಿಯವರು ಕ್ಯಾಮೆರಾ ಕಣ್ಣಿಗೆ ಬೀಳದ ಹಾಗೆ ಮರೆಯಲ್ಲಿ ಕೂತು ನುಡಿಸಬೇಕು. ಒಂದು ಸ್ವರ ತಪ್ಪಿದರೆ ಇಡೀ ಶಾಟು ಹೋಯ್ತು.

ಗೋಹರಬಾಯಿ ಮೊದಲು ಮುಂಬಯಿ ಸೇರಿ ಚಿತ್ರಗಳಲ್ಲಿ ಕಾಲೂರಿದ್ದರು. ಅಕ್ಕನ ಕೈ ಹಿಡಿದು ತಂಗಿ 1934ರಲ್ಲಿ ವಿಷ್ಣುಭಕ್ತಿ ಚಿತ್ರದಲ್ಲಿ ಪರದೆಗೆ ಬಂದರು. ವಿಜಾಪುರ ಸೀಮೆಯ ದಖನಿ ಉರ್ದು ಕಿವಿಗೆ ಬಿದ್ದು ಬೆಳೆದವರಿಗೆ ಹಿಂದಿ ಮಾತು ತೀರಾ ಪರಕೀಯವೇನಲ್ಲ.

ಹೆಸರಿಗೆ ನಾಡಿನ ಬಾಲ

ಮುಂಬಯಿಯಲ್ಲಿ ಗೋಹರ್ ಎಂಬ ಹೆಸರಿನವರು ಬೇರೆಯವರೂ ಇದ್ದರು. ರಣಜಿತ್ ಸ್ಟುಡಿಯೋದ ತಾರೆ ಮಿಸ್ ಗೋಹರ್ ಮನೆಮಾತು. ಅದಕ್ಕೂ ಮುಂಚೆ ರೆಕಾರ್ಡು ಲೋಕವನ್ನೇ ಆಳಿ, 1930ರಲ್ಲಿ ಮೈಸೂರಿನಲ್ಲಿ ಕಣ್ಣು ಮುಚ್ಚಿದ ಗೋಹರ್ ಜಾನ್ ಬೇರೆ. ಈ ಗೋಹರಬಾಯಿ ಕರ್ನಾಟಕಿ ಆದರು. ತಂಗಿಯೂ ಅದೇ ಹೆಸರು ಹೊತ್ತರು.

ಇದು ಸಣ್ಣ ಮಾತಲ್ಲ. ಅದೇ ಕಾಲದ ಇನ್ನೊಬ್ಬ ದೊಡ್ಡ ಗಾಯಕಿ ಜೊಹ್ರಾಬಾಯಿ ಅಂಬಾಲೆವಾಲಿ. ಅವರ ಹೆಸರಿನಲ್ಲಿದ್ದದ್ದು ಅಂಬಾಲಾ ಎಂಬ ಒಂದು ಊರು. ಬೀಳಗಿಯ ಅಕ್ಕ ತಂಗಿ ಹೊತ್ತದ್ದು ಇಡೀ ನಾಡಿನ ಹೆಸರು. ಅದೂ ಯಾವಾಗ? ಕನ್ನಡ ನಾಡು ಮುಂಬಯಿ, ಮದರಾಸು, ನಿಜಾಮ, ಮೈಸೂರು, ಕೊಡಗು, ಜಮಖಂಡಿ, ಮುಧೋಳ ಅಂತ ಚೂರು ಚೂರಾಗಿದ್ದಾಗ. ಭೂಪಟದಲ್ಲಿ ಕರ್ನಾಟಕ ಎಂಬ ಪ್ರಾಂತವೇ ಇರಲಿಲ್ಲ. ರೆಕಾರ್ಡಿನ ಚೀಟಿಯ ಮೇಲೆ ಇತ್ತು.

ದನಿ ಒಬ್ಬರದು, ಮುಖ ಇನ್ನೊಬ್ಬರದು

ಮೊದಲ ಕೆಲವು ವರ್ಷ ಅಮೀರಬಾಯಿಯವರಿಗೆ ಅಂಥ ಹೆಸರು ಬರಲಿಲ್ಲ. ಪಾರ್ಟು ಸಿಕ್ಕವು, ಹಾಡೂ ಹಾಡಿದರು, ಆದರೆ ಜನ ಮುಗಿಬಿದ್ದು ನೋಡುವ ನಾಯಕಿ ಆಗಲಿಲ್ಲ. ಅಷ್ಟರಲ್ಲಿ 1935ರಲ್ಲಿ ಕಲಕತ್ತೆಯ ನ್ಯೂ ಥಿಯೇಟರ್ಸಿನವರು ಧೂಪ್ ಛಾಂವ್ ಚಿತ್ರದಲ್ಲಿ ಹಿನ್ನೆಲೆ ಗಾಯನ ಶುರು ಮಾಡಿದ್ದರು. ಹಾಡು ಮೊದಲೇ ರೆಕಾರ್ಡು, ಆಮೇಲೆ ನಟಿ ತುಟಿ ಆಡಿಸಿದರೆ ಸಾಕು. ಚೆಲುವೆಗೆ ಗಂಟಲು ಬೇಕಿಲ್ಲ, ಗಂಟಲಿದ್ದವರಿಗೆ ಮುಖ ಬೇಕಿಲ್ಲ. ಸಿನಿಮಾದ ಲೆಕ್ಕವೇ ಬದಲಾಯ್ತು. ಈ ಬದಲಾವಣೆಯೇ ಅಮೀರಬಾಯಿಯವರನ್ನು ಮೇಲೆತ್ತಿತು, ಅದೇ ಅವರನ್ನು ಮರೆಗೂ ಸರಿಸಿತು.

1940ರಲ್ಲಿ ವಿಜಯ ಭಟ್ಟರ ನರಸಿ ಭಗತ್ ಬಂತು. ಸಂತ ನರಸಿ ಮೆಹತಾ ಬರೆದ, ಗಾಂಧೀಜಿಯ ಪ್ರಾರ್ಥನೆಯಿಂದ ಮನೆಮನೆಗೆ ಗೊತ್ತಾದ ವೈಷ್ಣವ ಜನ ಭಜನೆಯನ್ನು ಆ ಚಿತ್ರಕ್ಕಾಗಿ ವಿಷ್ಣುಪಂತ ಪಾಗನೀಸರ ಜೊತೆ ಹಾಡಿದರು. ಬೀಳಗಿಯ ಮುಸಲ್ಮಾನರ ಮನೆಯ ಮಗಳು ವೈಷ್ಣವರ ಭಜನೆ ಹಾಡಿದಳು, ಜನ ಕೈ ಮುಗಿದು ಕೇಳಿದರು. ಯಾರಿಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಮೂರು ವರ್ಷ ಬಿಟ್ಟು, 1943ರಲ್ಲಿ ಬಾಂಬೆ ಟಾಕೀಜಿನ ಕಿಸ್ಮತ್. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಪದ, ಅಶೋಕ ಕುಮಾರ ನಾಯಕ. ನಾಯಕಿ ಮುಮ್ತಾಜ್ ಶಾಂತಿ, ಆಕೆಯ ದನಿ ಅಮೀರಬಾಯಿ. ಕಲಕತ್ತೆಯ ರಾಕ್ಸಿ ಟಾಕೀಜೊಂದರಲ್ಲೇ ಈ ಚಿತ್ರ ಮೂರು ವರ್ಷದ ಮೇಲೆ ಓಡಿತು. ಚಿತ್ರದ ಹೆಚ್ಚಿನ ಹಾಡುಗಳು ಅಮೀರಬಾಯಿಯವರವೇ.

ಅದರಲ್ಲಿ ಒಂದು, ದೂರ ಹಟೋ. 1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳವಳಿ ಎದ್ದು, ನಾಯಕರೆಲ್ಲ ಜೈಲಿನಲ್ಲಿದ್ದರು. ಹಿಂದುಸ್ತಾನ ನಮ್ಮದು, ಪರಕೀಯರು ದೂರ ಸರಿಯಿರಿ ಎನ್ನುವ ಹಾಡು ಸೆನ್ಸಾರಿನಿಂದ ಹ್ಯಾಗೆ ಪಾರಾಯ್ತು? ಕವಿ ಜಾಣ. ಒಳಗೆ ಜರ್ಮನಿ, ಜಪಾನಿನ ಹೆಸರು ಸೇರಿಸಿದ್ದ. ಯುದ್ಧದ ಕಾಲ, ಅವರು ಬ್ರಿಟಿಷರ ವೈರಿಗಳು. ಸೆನ್ಸಾರಿನವರು ತಮ್ಮ ಪರವಾಗಿಯೇ ಇದೆ ಅಂದುಕೊಂಡು ಮುದ್ರೆ ಒತ್ತಿದರು. ಪ್ರೇಕ್ಷಕರಿಗೆ ಮಾತ್ರ ದೂರ ಸರಿಯಬೇಕಾದವರು ಯಾರು ಅನ್ನುವುದು ಮೊದಲ ಆಟಕ್ಕೇ ಗೊತ್ತಾಯ್ತು. ರೀಲು ಹಿಂದಕ್ಕೆ ಸುತ್ತಿಸಿ ಮತ್ತೆ ಮತ್ತೆ ಹಾಡು ಹಾಕಿಸಿದರಂತೆ. ಸರ್ಕಾರಕ್ಕೆ ಆಮೇಲೆ ಎಚ್ಚರವಾಗಿ ಪ್ರದೀಪರು ತಲೆ ಮರೆಸಿಕೊಳ್ಳಬೇಕಾಯಿತು. ಆ ಹಾಡಿನಲ್ಲಿ ಖಾನ್ ಮಸ್ತಾನರ ಜೊತೆ ಗುಡುಗಿದ ಹೆಣ್ಣು ದನಿ ಬೀಳಗಿಯದು. ಚಳವಳಿಯ ಕಥೆ ಹೇಳುವಾಗ ಈ ಮಾತು ಹೇಳುವವರು ಎಷ್ಟು ಮಂದಿ?

ಮರುವರ್ಷ ನೌಷಾದರ ರತನ್. ಅಗಲಿಕೆಯ ಹಾಡುಗಳನ್ನು ಅಮೀರಬಾಯಿ ಹಾಡಿದ ಪರಿಗೆ ಜನ ಮರುಳಾದರು. ಅದೇ 1944ರಲ್ಲಿ ಭರ್ತೃಹರಿ. ರಾಜ್ಯ ಬಿಟ್ಟ ಅರಸ ತನ್ನ ರಾಣಿಯ ಮುಂದೆಯೇ ಭಿಕ್ಷೆಗೆ ನಿಲ್ಲುವ ಸನ್ನಿವೇಶದ ಹಾಡನ್ನು ಸುರೇಂದ್ರರ ಜೊತೆ ಹಾಡಿದರು. ನಾಟಕದ ಅನುಭವ ಇಲ್ಲದವರಿಗೆ ಅಂಥ ಹಾಡು ಒಲಿಯುವುದಲ್ಲ. ಅಲ್ಲಿ ಅವರು ಬರೇ ಹಾಡಲಿಲ್ಲ, ಮುಖ ಕಾಣದಿದ್ದರೂ ಪಾರ್ಟು ಮಾಡಿದರು. ಗುಜರಾತಿಯಲ್ಲೂ ಹಾಡಿ ಆ ಮಂದಿಯ ಪ್ರೀತಿ ಗಳಿಸಿದರು.

ದುಡಿದದ್ದು ಒಬ್ಬರು, ಅನುಭವಿಸಿದ್ದು ಇನ್ನೊಬ್ಬರು

ಹೊರಗೆ ಇಷ್ಟು ಹೆಸರು, ಮನೆಯೊಳಗೆ ನರಕ. ಖಳನಾಯಕನ ಪಾರ್ಟಿಗೆ ಹೆಸರಾದ ಹಿಮಾಲಯವಾಲಾ ಎಂಬ ನಟನನ್ನು ಅಮೀರಬಾಯಿ ಮದುವೆಯಾಗಿದ್ದರು. ಪರದೆಯ ಮೇಲಿನ ಕ್ರೌರ್ಯ ಮನೆಗೂ ಬಂತು, ಹೊಡೆತ ಬಡಿತ ಆಯ್ತು, ಹಾಡಿ ಗಳಿಸಿದ ದುಡ್ಡೂ ಕೈಬಿಟ್ಟಿತು ಎಂದು ಆಕೆಯ ಜೀವನ ಬರೆದವರು ದಾಖಲಿಸಿದ್ದಾರೆ. ದೇಶಕ್ಕೆಲ್ಲ ದೂರ ಸರಿ ಅಂತ ಹಾಡಿದವರಿಗೆ ಸ್ವಂತ ಮನೆಯಿಂದ ಬಿಡುಗಡೆ ಪಡೆಯಲು ಕಾಯ್ದೆಯ ನೆರವು ಬೇಕಾಯ್ತು. ಅದು ಸಿಕ್ಕಿತು. ದೇಶ ಎರಡಾದ ಮೇಲೆ ಹಿಮಾಲಯವಾಲಾ ಪಾಕಿಸ್ತಾನಕ್ಕೆ ಹೋಗಿ ಅಲ್ಲಿಯ ಚಿತ್ರಗಳಲ್ಲಿ ಹೆಸರು ಮಾಡಿದ. ಅಮೀರಬಾಯಿ ಇಲ್ಲೇ ಉಳಿದರು. ಮುಂದೆ ಪತ್ರಿಕಾ ಸಂಪಾದಕ ಬದ್ರಿ ಕಾಂಚವಾಲಾ ಅವರ ಜೊತೆ ಆದ ಎರಡನೇ ಮದುವೆ ನೆಮ್ಮದಿ ಕೊಟ್ಟಿತು.

ಗಮನಿಸಬೇಕಾದ್ದು ಏನೆಂದರೆ, ಇಷ್ಟೆಲ್ಲ ಆದರೂ ಆಕೆ ಕೈ ಕಟ್ಟಿ ಕೂಡಲಿಲ್ಲ. 1947ರಲ್ಲಿ ಸಿ. ರಾಮಚಂದ್ರರ ಶೆಹನಾಯಿ ಚಿತ್ರಕ್ಕೆ ಹಾಡಿದರು. 1948ರಲ್ಲಿ ಶಹನಾಜ್ ಚಿತ್ರಕ್ಕೆ ತಾವೇ ಸಂಗೀತ ನಿರ್ದೇಶನ ಮಾಡಿದರು. ಹೆಂಗಸು ಸಂಗೀತ ನಿರ್ದೇಶಕಿ ಆಗುವುದು ಆಗ ಬೆರಳಿನಲ್ಲಿ ಎಣಿಸುವ ಮಾತು. ಈಗಲೂ ಅಂಥ ದೊಡ್ಡ ಸಂಖ್ಯೆ ಏನಿಲ್ಲ.

ಆದರೆ ಗಾಳಿ ತಿರುಗಿತ್ತು. 1949ರಲ್ಲಿ ಮಹಲ್, ಬರಸಾತ್ ಬಂದವು. ಲತಾ ಮಂಗೇಶಕರರ ತೆಳುವಾದ, ಏರುಸ್ಥಾಯಿಯ ದನಿಗೆ ಜನ ಸೋತರು. ಮೈಕೂ ಸುಧಾರಿಸಿತ್ತು, ಪಿಸುಮಾತೂ ಹಾಡಾಗಬಹುದಿತ್ತು. ಕಡೆಯ ಬಾಕಿಗೆ ಮುಟ್ಟುವಂತೆ ಹಾಡಿದ ಗಂಟಲುಗಳು ಒಮ್ಮೆಲೇ ಹಳೆಯವಾದವು. ಅಮೀರಬಾಯಿ, ಜೊಹ್ರಾಬಾಯಿ ಎಲ್ಲರದೂ ಅದೇ ಗತಿ. 1950ರ ಸಮಾಧಿ ಚಿತ್ರದ ಗೋರೆ ಗೋರೆ ಹಾಡು ಇವತ್ತಿಗೂ ಮದುವೆ ಮನೆಯಲ್ಲಿ ಕೇಳಿಬರುತ್ತದೆ. ಅದರಲ್ಲಿ ಎರಡು ಹೆಣ್ಣು ದನಿ ಇವೆ. ಒಂದು ಲತಾ ಅಂತ ಎಲ್ಲರಿಗೂ ಗೊತ್ತು. ಇನ್ನೊಂದು ಅಮೀರಬಾಯಿ. ಹೋಗುವ ಕಾಲ, ಬರುವ ಕಾಲ ಎರಡೂ ಒಂದೇ ಮೈಕಿನ ಮುಂದೆ ನಿಂತ ಹಾಡು ಅದು.

ಹಾಡು ಕಡಿಮೆಯಾದಾಗ ಮತ್ತೆ ನಟನೆಗೇ ತಿರುಗಿ, ಪೋಷಕ ಪಾರ್ಟುಗಳನ್ನು ಮಾಡಿದರು. ಶುರು ಮಾಡಿದ ದಾರಿಗೇ ವಾಪಸು ಬಂದಂತಾಯ್ತು.

ಅಕ್ಕನದು ಇನ್ನೊಂದು ಕಥೆ. ಗೋಹರಬಾಯಿ ಸಿನಿಮಾ ಬಿಟ್ಟು ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿದರು. ಹೆಣ್ಣು ಪಾರ್ಟಿನಿಂದಲೇ ಲೋಕವನ್ನು ಗೆದ್ದ ಆ ಮಹಾನಟರು 1951ರಲ್ಲಿ ಗೋಹರಬಾಯಿಯವರನ್ನು ಮದುವೆಯಾದರು. ಪುಣೆ, ಮುಂಬಯಿಯ ಅಭಿಮಾನಿಗಳು ಆಕೆಯನ್ನು ಬಹಳ ಬೈದರು. ಗೋಹರಬಾಯಿ 1964ರಲ್ಲಿ ತೀರಿಕೊಂಡರು.

ಅದಾದ ಸ್ವಲ್ಪೇ ದಿನಗಳಲ್ಲಿ ತಂಗಿಗೂ ಪಾರ್ಶ್ವವಾಯು ಬಡಿಯಿತು. 1965ರ ಮಾರ್ಚ್ 3ರಂದು ಅಮೀರಬಾಯಿ ಕಣ್ಣು ಮುಚ್ಚಿದರು. ಮಣ್ಣಾದದ್ದು ವಿಜಾಪುರದಲ್ಲಿ. ಮುಂಬಯಿಯಲ್ಲಿ ಗಳಿಸಿ, ಕಳಕೊಂಡು, ಕಡೆಗೆ ಊರಿಗೇ ಬಂದರು. ಟಾಕೀಜಿಗೆ ಹೆಸರು ಕೊಟ್ಟದ್ದೂ ಇದೇ ಊರಿನಲ್ಲಿ.

ಇನ್ನೊಂದು ಲೆಕ್ಕ ನೋಡಿ. 1956ರಲ್ಲಿ ಕನ್ನಡ ಸೀಮೆಗಳೆಲ್ಲ ಒಂದಾದಾಗ ಹೆಸರು ಮೈಸೂರು ರಾಜ್ಯ. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಅಮೀರಬಾಯಿ ತೀರಿ ಎಂಟು ವರ್ಷ ಆಗಿತ್ತು. ಸರ್ಕಾರ ಗೆಜೆಟ್ಟಿನಲ್ಲಿ ಬರೆಯುವುದಕ್ಕೆ ಎಷ್ಟೋ ಮುಂಚೆ ಆ ಹೆಸರನ್ನು ಲಾಹೋರು ಕಲಕತ್ತೆಗಳಲ್ಲಿ ಹೇಳಿಸಿದವರು ಈ ಅಕ್ಕ ತಂಗಿ. ರಾಜ್ಯೋತ್ಸವದ ಭಾಷಣಗಳಲ್ಲಿ ಇದು ಬಂದದ್ದು ಅಪರೂಪ. ರಹಮತ್ ತರೀಕೆರೆಯವರು ಊರೂರು ತಿರುಗಿ ಅಮೀರಬಾಯಿಯವರ ಮೇಲೆ ಪುಸ್ತಕ ಬರೆದ ಮೇಲೆ ಓದುವ ಮಂದಿಗಾದರೂ ಗೊತ್ತಾಯ್ತು.

ರೆಕಾರ್ಡಿನ ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲಿ ಹೇಳುವುದೆಲ್ಲ ಹೇಳಿ ಮುಗಿಸಿದ ದನಿ ಅದು. ಈಗ ಕಿಸೆಯಲ್ಲಿರುವ ಫೋನಿನಲ್ಲೇ ಆ ಹಾಡುಗಳು ಸಿಗುತ್ತವೆ. ವಿಜಾಪುರದ ಬಸ್ಸು ಬೀಳಗಿ ಮುಟ್ಟುವಷ್ಟರಲ್ಲಿ ಕಿಸ್ಮತ್ ಹಾಡುಗಳನ್ನೆಲ್ಲ ಕೇಳಿ ಮುಗಿಸಬಹುದು. ಹಾಡುತ್ತಿರುವುದು ನಮ್ಮೂರ ಹೆಣ್ಣುಮಗಳು ಅಂತ ಪಕ್ಕದ ಸೀಟಿನವರಿಗೂ ಒಂದು ಮಾತು ಹೇಳಿದರೆ ತಪ್ಪೇನಿಲ್ಲ.