ವಾಯುಘರ್ಷಣೆಯನ್ನು ತೂಗಿದ ಆಚಾರ್ಯ ಸತೀಶ ಧವನ್

ಆಚಾರ್ಯ ಸತೀಶ ಧವನರ ಹೆಸರನ್ನು ಕೇಳಿದೊಡನೆ ನೆನಪಾಗುವುದು ಭಾರತದ ಬಾಹ್ಯಾಕಾಶ ಸಾಧನೆ. ಆ ಕೀರ್ತಿಗೆ ಮುನ್ನವೇ ಅವರು ಕಣ್ಣಿಗೆ ಕಾಣದ ಗಾಳಿಯ ಎಳೆತವನ್ನು ತೂಗಿ ವಿದ್ವಜ್ಜನರ ಮನ್ನಣೆಗೆ ಪಾತ್ರರಾಗಿದ್ದರು.

1920ರ ಸೆಪ್ಟೆಂಬರ್ 25ರಂದು ಶ್ರೀನಗರದಲ್ಲಿ ಜನಿಸಿದ ಧವನರು ಲಾಹೋರಿನ ಪಂಜಾಬ್ ವಿಶ್ವವಿದ್ಯಾನಿಲಯದಲ್ಲಿ ಗಣಿತ, ಭೌತವಿಜ್ಞಾನ, ಆಂಗ್ಲ ಸಾಹಿತ್ಯ ಹಾಗೂ ಯಂತ್ರಶಾಸ್ತ್ರಗಳನ್ನು ವ್ಯಾಸಂಗ ಮಾಡಿದರು. ಅನಂತರ ಅಮೆರಿಕೆಗೆ ತೆರಳಿ, ಕ್ಯಾಲಿಫೋರ್ನಿಯ ತಾಂತ್ರಿಕ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ನರ ಶಿಷ್ಯರಾಗಿ 1951ರಲ್ಲಿ ಡಾಕ್ಟರೇಟ್ ಪಡೆದರು.

ವಿಮಾನದ ಮೈಯನ್ನು ಸವರಿ ಹರಿಯುವ ಗಾಳಿಯು ತೆಳುವಾದ ಪದರವಾಗಿ ಅಂಟಿಕೊಂಡು ಅದನ್ನು ಹಿಂದಕ್ಕೆಳೆಯುತ್ತದೆ. ಇದಕ್ಕೆ ಕಾರಣ ಗಾಳಿಯ ಸ್ನಿಗ್ಧತೆ. ಎಣ್ಣೆಯನ್ನು ಕಾಯಿಸಿದರೆ ಅದು ಸಲೀಸಾಗಿ ಹರಿಯುತ್ತದೆ. ಅನಿಲದ ಸ್ವಭಾವ ಇದಕ್ಕೆ ವಿಪರೀತ. ಬಿಸಿಯೇರಿದಷ್ಟೂ ಅಣುಗಳು ವೇಗವಾಗಿ ಪದರದಿಂದ ಪದರಕ್ಕೆ ದಾಟಿ, ಚಲನೆಯನ್ನೂ ಶಾಖವನ್ನೂ ಹೆಚ್ಚು ಹೆಚ್ಚಾಗಿ ಸಾಗಿಸುತ್ತವೆ. 27 ಡಿಗ್ರಿ ಸೆಲ್ಸಿಯಸ್ಸಿನ ಗಾಳಿಯನ್ನು 727 ಡಿಗ್ರಿಗೆ ಕಾಯಿಸಿದರೆ ಅದರ ಸ್ನಿಗ್ಧತೆ, ಉಷ್ಣವಾಹಕತೆಗಳೆರಡೂ ಇಮ್ಮಡಿಗೂ ಮಿಗಿಲಾಗುತ್ತವೆ.

ಶಬ್ದದ ವೇಗವನ್ನು ಮೀರಿದ ಹಾರಾಟದಲ್ಲಿ ಈ ಪದರವು ಘರ್ಷಣೆಯಿಂದಲೇ ಕಾಯುತ್ತದೆ; ಕಾದಂತೆ ಸ್ನಿಗ್ಧತೆ ಬದಲಾಗುತ್ತದೆ; ಅದರಿಂದ ಘರ್ಷಣೆಯೂ ಬದಲಾಗುತ್ತದೆ. ಸ್ನಿಗ್ಧತೆಗೂ ಉಷ್ಣತೆಗೂ ಇರುವ ಸಂಬಂಧವನ್ನು ವಿಲಿಯಂ ಸದರ್ಲೆಂಡ್ 1893ರಲ್ಲಿಯೇ ಸೂತ್ರಬದ್ಧಗೊಳಿಸಿದ್ದರು. ಆದರೂ ಗಾಳಿಯು ಸುಳಿಸುಳಿಯಾಗಿ ಪ್ರಕ್ಷುಬ್ಧಗೊಂಡು ಮಹಾವೇಗದಿಂದ ಹರಿಯುವಾಗ ಎಳೆತವೆಷ್ಟೆಂಬುದರಲ್ಲಿ ವಿದ್ವಾಂಸರ ಲೆಕ್ಕಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ.

ಧವನರು ವಾದಕ್ಕಿಳಿಯದೆ ಅಳತೆಗೆ ಕೈಹಾಕಿದರು. ಚಪ್ಪಟೆಯಾದ ಫಲಕದ ಮೇಲ್ಮೈಯಲ್ಲಿ ಅತಿ ಸಣ್ಣ ಭಾಗವೊಂದು ಮಾತ್ರ ಅಲುಗುವಂತೆ ಮಾಡಿ, ಅದರ ಮೇಲೆ ಗಾಳಿ ಹಾಕುವ ಎಳೆತವನ್ನು ವಿದ್ಯುತ್ ಸಾಧನದಿಂದ ಅಳೆದರು. ಆ ಬಲವು ಸುಮಾರು 1ರಿಂದ 100 ಮಿಲಿಗ್ರಾಂ ತೂಕದಷ್ಟು ಮಾತ್ರ. ಕಡಿಮೆ ವೇಗದಲ್ಲಿ ಬ್ಲಾಸಿಯಸ್ ಮತ್ತು ಕಾರ್ಮನ್ನರ ಸಿದ್ಧಾಂತಗಳೊಡನೆ ಅಳತೆ ಸರಿಹೊಂದಿತು. ಸಾಧನವು ನಂಬಲರ್ಹವೆಂದು ಹೀಗೆ ಸಿದ್ಧವಾದ ಮೇಲೆಯೇ ಅವರು ಹೆಚ್ಚಿನ ವೇಗಗಳಿಗೂ, ಕಡೆಗೆ ಶಬ್ದಾತೀತ ಹರಿವಿಗೂ ಕೈಯಿಟ್ಟರು.

1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ ಅವರು ಅಲ್ಲಿ ಶಬ್ದಾತೀತ ವಾಯುಸುರಂಗವನ್ನು ನಿರ್ಮಿಸಿದರು. ಶಾಂತವಾದ ಹರಿವು ಪ್ರಕ್ಷುಬ್ಧವಾಗುವ ಬಗೆಯನ್ನು ಕುರಿತು ಶಿಷ್ಯರಾದ ರೊದ್ದಂ ನರಸಿಂಹರೊಡನೆ 1958ರಲ್ಲಿ ಪ್ರಕಟಿಸಿದ ಪ್ರಬಂಧ ವಿಶ್ವವಿಖ್ಯಾತವಾಯಿತು. ಇಂದು ಗಣಕಯಂತ್ರಗಳು ಹರಿವಿನ ಬಿಂದುಬಿಂದುವಿನ ಉಷ್ಣತೆಯನ್ನು ಗುಣಿಸಿ, ಸದರ್ಲೆಂಡರ ಸೂತ್ರದಿಂದ ಸ್ನಿಗ್ಧತೆಯನ್ನು ತಿದ್ದಿಕೊಳ್ಳುತ್ತ ಸಾಗುತ್ತವೆ. ಆ ಲೆಕ್ಕಕ್ಕೂ ಒರೆಗಲ್ಲು ಇಂಥ ಅಳತೆಯೇ.

1962ರಲ್ಲಿ ಸಂಸ್ಥೆಯ ನಿರ್ದೇಶಕರಾದ ಧವನರು 1981ರವರೆಗೆ ಆ ಪದವಿಯಲ್ಲಿದ್ದರು. 1972ರಲ್ಲಿ ಬಾಹ್ಯಾಕಾಶ ಸಂಸ್ಥೆಯ ಹೊಣೆ ಬಂದಾಗ, ಅದರ ಕೇಂದ್ರ ಕಾರ್ಯಾಲಯ ಬೆಂಗಳೂರಿನಲ್ಲಿರಬೇಕು, ತಾವು ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿಯೂ ಮುಂದುವರಿಯಬೇಕು ಎಂಬ ನಿಬಂಧನೆಯೊಡನೆ ಒಪ್ಪಿದರು. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ಟಿನ ಮೊದಲ ಉಡಾವಣೆ ವಿಫಲವಾದಾಗ ಪತ್ರಕರ್ತರೆದುರು ಹೊಣೆಯನ್ನು ತಾವೇ ಹೊತ್ತರು. 1980ರ ಜುಲೈ 18ರಂದು ಯಶಸ್ಸು ದೊರೆತಾಗ ಯೋಜನೆಯ ಮುಖ್ಯಸ್ಥರಾದ ಅಬ್ದುಲ್ ಕಲಾಮರನ್ನು ಮುಂದೆ ನಿಲ್ಲಿಸಿದರು. ಫಲವನ್ನು ಸಹೋದ್ಯೋಗಿಗಳಿಗೆ ಬಿಟ್ಟುಕೊಟ್ಟ ಈ ನಡೆ ನಮ್ಮ ಶರಣರ ಕಾಯಕನಿಷ್ಠೆಗೆ ದೂರವಾದುದಲ್ಲ. ನಮ್ಮ ಜಿಲ್ಲೆಯ ಹಾಸನದಲ್ಲಿ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಸ್ಥಾಪನೆಯಾದುದೂ ಅವರ ಅಧ್ಯಕ್ಷತೆಯ ಕಾಲದಲ್ಲಿಯೇ.

2002ರ ಜನವರಿ 3ರಂದು ಬೆಂಗಳೂರಿನಲ್ಲಿ ಧವನರು ದಿವಂಗತರಾದರು. ಅದೇ ವರ್ಷ ಶ್ರೀಹರಿಕೋಟೆಯ ಉಡಾವಣಾ ಕೇಂದ್ರಕ್ಕೆ ಅವರ ಹೆಸರನ್ನಿಡಲಾಯಿತು. ಶಾಲೆಯ ಪ್ರಯೋಗಶಾಲೆಯಲ್ಲಿ ತಕ್ಕಡಿ ಹಿಡಿದು ನಿಂತ ಬಾಲಕನಿಗೆ ಅವರ ಬಾಳು ಕಲಿಸುವ ಪಾಠ ಸರಳವಾದುದು: ಸೂತ್ರವನ್ನು ಕಂಠಪಾಠ ಮಾಡಿದರೆ ಸಾಲದು, ಅದನ್ನು ಅಳೆದು ನೋಡಬೇಕು, ಅಳತೆಯ ಸಾಧನವನ್ನೂ ಮೊದಲು ಪರೀಕ್ಷಿಸಬೇಕು.